ಕಂಪ್ಯೂಟರ್ ಬಂತು, ಪಾಠ ಯಾರದು?



ಯಾವುದೇ ವಿದ್ಯಾಸಂಸ್ಥೆಯ ವಾರ್ಷಿಕ ವರದಿಯನ್ನು ತೆರೆದು ನೋಡಿ. ದಾನಿಗಳ ನೆರವಿನಿಂದ ಸುಸಜ್ಜಿತ ಕಂಪ್ಯೂಟರ್ ಕೊಠಡಿ ಉದ್ಘಾಟನೆಗೊಂಡಿತು ಎಂಬ ಸಾಲು ಒಂದಲ್ಲ ಒಂದು ಪುಟದಲ್ಲಿ ಸಿಕ್ಕೇ ಸಿಗುತ್ತದೆ. ಪಕ್ಕದಲ್ಲಿ ರಿಬ್ಬನ್ ಕತ್ತರಿಸುವ ಫೋಟೋ ಇರುತ್ತದೆ. ಮುಂದಿನ ವರ್ಷದ ವರದಿಯಲ್ಲಿ ಅದೇ ಕೊಠಡಿಯ ಬಗ್ಗೆ ಏನು ಬರೆದಿದ್ದಾರೆಂದು ಹುಡುಕಿ. ಬಹುತೇಕ ಏನೂ ಇರುವುದಿಲ್ಲ. ಅಲ್ಲಿ ಮಕ್ಕಳು ಏನು ಮಾಡಿದರು, ಯಾವ ಪಾಠ ಅವರಿಗೆ ಹೊಸದಾಗಿ ಅರ್ಥವಾಯಿತು, ಗಣಿತದ ಮೇಷ್ಟರು ಆ ಕೊಠಡಿಯ ಬಾಗಿಲು ದಾಟಿದರೇ ಇಲ್ಲವೇ ಎಂಬುದನ್ನು ಯಾರೂ ದಾಖಲಿಸಿರುವುದಿಲ್ಲ. ನನಗೆ ಪರಿಚಯವಿರುವ ಒಂದು ಶಾಲೆಯಲ್ಲಿ ಕಂಪ್ಯೂಟರುಗಳ ಮೇಲೆ ಹೊದಿಸಿದ ಬಟ್ಟೆ ಕಂಪ್ಯೂಟರಿಗಿಂತ ಹೆಚ್ಚು ಸವೆದಿತ್ತು. ಅಷ್ಟು ಸಲ ಅದನ್ನು ಒಗೆದಿದ್ದರು.

ಇದು ಒಂದು ಶಾಲೆಯ ದೋಷವಲ್ಲ. ಕಲಿಕೆಗಾಗಿ ಯಂತ್ರಗಳನ್ನು ಬಳಸಲು ಹೊರಟ ದಿನದಿಂದ ಜಗತ್ತಿನ ಎಲ್ಲ ಕಡೆ ಇದೇ ಕತೆ ನಡೆದಿದೆ. ಆದರೆ ಅದೇ ಚರಿತ್ರೆಯಲ್ಲಿ ಕೆಲವು ಕಡೆ, ಕೆಲವು ಕಾಲ, ಯಂತ್ರದ ಮುಂದೆ ಕುಳಿತ ಮಗು ನಿಜವಾಗಿಯೂ ಏನನ್ನೋ ಕಂಡುಕೊಂಡಿದೆ. ಆ ಎರಡರ ನಡುವಿನ ವ್ಯತ್ಯಾಸ ಎಲ್ಲಿತ್ತು ಎಂಬುದನ್ನು ತಿಳಿಯುವುದು ಶಾಲೆ ನಡೆಸುವ ನಮಗೂ, ಕಲಿಯುವ ವಿದ್ಯಾರ್ಥಿಗಳಿಗೂ ಅಗತ್ಯ. ಹಣವಂತರ ಮಕ್ಕಳಿಗೆ ಮನೆಯಲ್ಲೇ ಎರಡನೆಯ ಅವಕಾಶವಿರುತ್ತದೆ. ನಮ್ಮ ಶಾಲೆಗಳಿಗೆ ಬರುವ ಅನೇಕ ಮಕ್ಕಳಿಗೆ ವಾರಕ್ಕೊಮ್ಮೆ ಸಿಗುವ ಆ ಒಂದು ಪೀರಿಯಡ್ಡೇ ಎಲ್ಲ.

ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1953ರಲ್ಲಿ ತಮ್ಮ ಮಗಳ ಗಣಿತದ ತರಗತಿಗೆ ಹೋಗಿ ಕುಳಿತರು. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಸಾಗಬೇಕು, ಲೆಕ್ಕ ಸರಿಯೋ ತಪ್ಪೋ ಎಂದು ತಿಳಿಯಲು ಮರುದಿನದವರೆಗೆ ಕಾಯಬೇಕು ಎಂಬ ಎರಡು ವಿಷಯಗಳು ಅವರ ಕಣ್ಣಿಗೆ ಬಿದ್ದವು. ಕೂಡಲೇ ಅವರೊಂದು ಬೋಧನಾ ಯಂತ್ರವನ್ನು ತಯಾರಿಸಿದರು. ಅದು ಒಂದೊಂದೇ ಪ್ರಶ್ನೆ ಕೊಡುತ್ತಿತ್ತು, ಉತ್ತರ ಸರಿಯಾದರೆ ಮುಂದಕ್ಕೆ ಬಿಡುತ್ತಿತ್ತು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಡೊನಾಲ್ಡ್ ಬಿಟ್ಜರ್ ಮತ್ತು ಸಂಗಡಿಗರು ಇದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ದೊಡ್ಡ ಕಂಪ್ಯೂಟರಿಗೆ ಪರದೆ ಜೋಡಿಸಿ ‘ಪ್ಲೇಟೋ’ ಎಂಬ ವ್ಯವಸ್ಥೆ ಕಟ್ಟಿದರು. 1972ರ ಹೊತ್ತಿಗೆ ಅದರಲ್ಲಿ ಬೆರಳಿನಿಂದ ಮುಟ್ಟಿ ಉತ್ತರಿಸುವ ಪರದೆ ಕೂಡ ಬಂದಿತ್ತು. ಇಂದು ನಿಮ್ಮ ಜೇಬಿನಲ್ಲಿರುವ ಮೊಬೈಲಿನ ಪರದೆಗೆ ಅದನ್ನು ಅಜ್ಜ ಎನ್ನಬಹುದು. ಈ ಯಂತ್ರಗಳ ಸಾಧನೆಯನ್ನು ಕಡೆಗಣಿಸುವಂತಿಲ್ಲ. ಆದರೂ ಅವುಗಳ ಮುಂದೆ ಮಗು ಮಾಡಬೇಕಾದ ಕೆಲಸ ಮುಖ್ಯವಾಗಿ ಒಂದೇ: ಬೇರೆಯವರು ಕೇಳಿದ ಪ್ರಶ್ನೆಗೆ ಉತ್ತರಿಸುವುದು.

ಆಮೆ ಬಂದ ಕತೆ

ಈ ದಾರಿಯನ್ನು ತಿರುವುಮುರುವಾಗಿಸಿದವರಲ್ಲಿ ಮೊದಲ ಹೆಸರು ಸೈಮೂರ್ ಪ್ಯಾಪರ್ಟ್ ಅವರದು. 1928ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಹುಟ್ಟಿ, ಯೌವನದಲ್ಲಿ ಅಲ್ಲಿನ ವರ್ಣಭೇದ ನೀತಿಯನ್ನು ವಿರೋಧಿಸಿದ ಗಣಿತಜ್ಞ ಅವರು. ಚಿಕ್ಕಂದಿನಲ್ಲಿ ಅವರಿಗೆ ಕಾರಿನ ಹಲ್ಲುಚಕ್ರಗಳೆಂದರೆ ಪ್ರಾಣ. ಒಂದು ಚಕ್ರ ಎಷ್ಟು ಸುತ್ತಿದರೆ ಇನ್ನೊಂದು ಎಷ್ಟು ಸುತ್ತುತ್ತದೆ ಎಂದು ಮನಸ್ಸಿನಲ್ಲೇ ತಿರುಗಿಸಿ ನೋಡುತ್ತಿದ್ದರಂತೆ. ಮುಂದೆ ಶಾಲೆಯಲ್ಲಿ ಮಗ್ಗಿಯೂ ಸಮೀಕರಣವೂ ಆ ಚಕ್ರಗಳ ಮೂಲಕವೇ ಅವರಿಗೆ ಸಲೀಸಾದವು. 1958ರಿಂದ ಕೆಲವು ವರ್ಷ ಜಿನೀವಾದಲ್ಲಿ ಜೀನ್ ಪಿಯಾಜೆ ಅವರ ಜೊತೆ ಕೆಲಸ ಮಾಡಿದರು. ಮಗುವಿನ ತಲೆ ನಾವು ತುಂಬಿಸುವ ಕೊಡವಲ್ಲ, ಮಗು ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಪಿಯಾಜೆಯವರ ಸಂಶೋಧನೆಯ ಸಾರ. ಕಟ್ಟಲು ಸಾಮಗ್ರಿ ಬೇಕಲ್ಲ? ತನಗೆ ಹಲ್ಲುಚಕ್ರ ಸಿಕ್ಕಿತು, ಎಲ್ಲ ಮಕ್ಕಳಿಗೂ ಅದು ಹಿಡಿಸಬೇಕೆಂದಿಲ್ಲ. ಯಾವ ಮಗುವಿಗೆ ಏನು ಬೇಕೋ ಅದಾಗಬಲ್ಲ ಒಂದು ಸಾಮಗ್ರಿ ಇದ್ದರೆ ಅದು ಕಂಪ್ಯೂಟರ್ ಎಂದು ಪ್ಯಾಪರ್ಟ್ ಭಾವಿಸಿದರು.

1967ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದಲ್ಲಿ ವಾಲಿ ಫೋರ್ಜಿಗ್, ಸಿಂಥಿಯಾ ಸಾಲೊಮನ್ ಮತ್ತು ಪ್ಯಾಪರ್ಟ್ ಸೇರಿ ಮಕ್ಕಳಿಗೆಂದೇ ಒಂದು ಕಂಪ್ಯೂಟರ್ ಭಾಷೆಯನ್ನು ರಚಿಸಿದರು. ಅದರ ಹೆಸರು ‘ಲೋಗೋ’. ಗ್ರೀಕ್ ಭಾಷೆಯಲ್ಲಿ ‘ಮಾತು’ ಎಂಬ ಅರ್ಥ ಕೊಡುವ ಪದದಿಂದ ಬಂದದ್ದು. ಒಂದು ಕಂಪ್ಯೂಟರ್ ಲಕ್ಷಾಂತರ ಡಾಲರ್ ಬೆಲೆಬಾಳುತ್ತಿದ್ದ, ವಿಜ್ಞಾನಿಗಳೂ ಸರದಿಯಲ್ಲಿ ನಿಂತು ಬಳಸುತ್ತಿದ್ದ ಆ ಕಾಲದಲ್ಲಿ, ಐದಾರನೆಯ ತರಗತಿಯ ಮಕ್ಕಳಿಗೆ ಅದನ್ನು ಕೊಡುತ್ತೇವೆ ಎಂದರೆ ಜನ ನಗದೆ ಇರುತ್ತಾರೆಯೇ?

ಲೋಗೋದ ಮೊದಲ ದಿನಗಳಲ್ಲಿ ಚಿತ್ರ ಇರಲಿಲ್ಲ, ಆಮೆಯೂ ಇರಲಿಲ್ಲ. ಮಕ್ಕಳು ಪದಗಳ ಜೊತೆ ಆಡುತ್ತಿದ್ದರು. ಪ್ಯಾಪರ್ಟ್ 1980ರಲ್ಲಿ ಪ್ರಕಟಿಸಿದ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಪುಸ್ತಕದಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾರೆ. ಹದಿಮೂರು ವರ್ಷದ ಒಬ್ಬ ಹುಡುಗಿ, ಓದಿನಲ್ಲಿ ಅಷ್ಟಕ್ಕಷ್ಟೇ. ವ್ಯಾಕರಣವೆಂದರೆ ಅವಳಿಗೆ ಆಗದು. ಕಂಪ್ಯೂಟರಿನಿಂದ ಪದ್ಯ ಬರೆಸುವ ಆಟ ಅವಳ ಪಾಲಿಗೆ ಬಂತು. ಪದಗಳನ್ನು ಸುಮ್ಮನೆ ಕೊಟ್ಟರೆ ಯಂತ್ರ ಅವನ್ನು ಹೇಗೆಂದರೆ ಹಾಗೆ ಜೋಡಿಸಿ ಅರ್ಥವಿಲ್ಲದ್ದನ್ನು ಉಗುಳುತ್ತಿತ್ತು. ಹೆಸರುಗಳನ್ನು ಒಂದು ಕಡೆ, ಕೆಲಸವನ್ನು ಹೇಳುವ ಪದಗಳನ್ನು ಇನ್ನೊಂದು ಕಡೆ ಬೇರ್ಪಡಿಸಿ, ಈ ಗುಂಪಿನಿಂದೊಂದು ಆ ಗುಂಪಿನಿಂದೊಂದು ಆರಿಸು ಎಂದು ಆಜ್ಞೆ ಕೊಟ್ಟಾಗ ಮಾತ್ರ ವಾಕ್ಯ ಹುಟ್ಟಿತು. ಒಂದು ದಿನ ಆ ಹುಡುಗಿ ನಾಮಪದ, ಕ್ರಿಯಾಪದಗಳು ಯಾಕಿವೆ ಎಂದು ತನಗೀಗ ತಿಳಿಯಿತು ಎಂದಳು. ವರ್ಷಗಟ್ಟಲೆ ಅವಳಿಗೆ ಅವುಗಳ ವ್ಯಾಖ್ಯೆ ಹೇಳಿಕೊಟ್ಟಿದ್ದರು. ಅವು ಯಾತಕ್ಕೆ ಬೇಕು ಎಂಬುದನ್ನು ಯಾರೂ ಹೇಳಿರಲಿಲ್ಲ. ಆ ವರ್ಷ ಅವಳ ಶಾಲೆಯ ಅಂಕಗಳೂ ಏರಿದವು.

ನಮ್ಮ ಮಕ್ಕಳೂ ಕರ್ತೃ-ಕರ್ಮ-ಕ್ರಿಯಾಪದ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಯಾತಕ್ಕೆಂದು ಕೇಳಿ ನೋಡಿ.

ಆಮೆ ಬಂದದ್ದು 1970ರ ಆಸುಪಾಸಿನಲ್ಲಿ. ಮೊದಲು ಅದು ನೆಲದ ಮೇಲೆ ಓಡಾಡುವ ಚಿಕ್ಕ ರೋಬೋಟ್ ಆಗಿತ್ತು. ಹೊಟ್ಟೆಯ ಕೆಳಗೆ ಒಂದು ಪೆನ್ನು. ಹೋದಲ್ಲೆಲ್ಲ ಕಾಗದದ ಮೇಲೆ ಗೆರೆ ಬೀಳುತ್ತಿತ್ತು. ಹೆಸರನ್ನು 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ವಿಜ್ಞಾನಿ ಮಾಡಿದ್ದ ಯಂತ್ರಾಮೆಗಳ ನೆನಪಿಗೆ ಇಟ್ಟದ್ದು. ಆಮೇಲೆ ಆಮೆ ಪರದೆಯ ಮೇಲೆ ಒಂದು ಚಿಕ್ಕ ತ್ರಿಕೋನದ ರೂಪ ತಾಳಿತು. ಅದಕ್ಕೆ ಗೊತ್ತಿದ್ದ ಆಜ್ಞೆಗಳು ಕೆಲವೇ: ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ಡಿಗ್ರಿ ಬಲಕ್ಕೆ ತಿರುಗು.

ಇದರಲ್ಲೇನು ಮಹಾ ಎನಿಸಬಹುದು. ನೀವೇ ಮಾಡಿ ನೋಡಿ. ಚೌಕ ಬೇಕೇ? ನೂರು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ. ಹೀಗೆ ನಾಲ್ಕು ಸಲ. ಸುಲಭ. ಈಗ ಮೂರೂ ಬದಿ ಸಮನಾದ ತ್ರಿಕೋನ ಬರೆಸಿ. ಪಠ್ಯಪುಸ್ತಕ ಓದಿದ ಹುಡುಗ ತಟ್ಟನೆ ಹೇಳುತ್ತಾನೆ, ಪ್ರತಿ ಕೋನ 60 ಡಿಗ್ರಿ, ಆದ್ದರಿಂದ 60 ಡಿಗ್ರಿ ತಿರುಗಿಸಬೇಕು. ನೂರು ಹೆಜ್ಜೆ ಮುಂದೆ, 60 ಡಿಗ್ರಿ ಬಲಕ್ಕೆ, ಮೂರು ಸಲ. ಆಮೆ ಹೇಳಿದಂತೆ ಕೇಳುತ್ತದೆ. ಆದರೆ ಪರದೆಯ ಮೇಲೆ ಬರುವುದು ತ್ರಿಕೋನವಲ್ಲ, ಬಾಯಿ ತೆರೆದ ಬಾಣಲೆಯಂಥ ಆಕಾರ. ಹುಡುಗ ಗಲಿಬಿಲಿಗೊಳ್ಳುತ್ತಾನೆ. ಇನ್ನೂ ಮೂರು ಸಲ ಅದನ್ನೇ ಹೇಳಿದರೆ ಷಟ್ಕೋನ ಮುಚ್ಚಿಕೊಳ್ಳುತ್ತದೆ!

ಈ ಹೊತ್ತಿನಲ್ಲಿ ಒಳ್ಳೆಯ ಶಿಕ್ಷಕರು ಉತ್ತರ ಹೇಳುವುದಿಲ್ಲ. ಎದ್ದು ನಿಲ್ಲು, ನೀನೇ ಆಮೆಯಾಗಿ ನಡೆ ಎನ್ನುತ್ತಾರೆ. ಹುಡುಗ ನಡೆಯುತ್ತಾನೆ, ಮೂಲೆಯಲ್ಲಿ ನಿಲ್ಲುತ್ತಾನೆ, ಮುಂದಿನ ಬದಿಯ ಕಡೆಗೆ ಮುಖ ಮಾಡಲು ಮೈ ತಿರುಗಿಸುತ್ತಾನೆ. ಆಗ ಅವನ ಮೈಗೇ ತಿಳಿಯುತ್ತದೆ, ತಾನು ತಿರುಗಿದ್ದು ಒಳಗಿನ 60 ಅಲ್ಲ, ಹೊರಗಿನ 120 ಎಂದು. ಮೂರು ಸಲ 120 ಎಂದರೆ 360. ಚೌಕದಲ್ಲಿ ನಾಲ್ಕು ಸಲ 90, ಅದೂ 360. ಷಟ್ಕೋನದಲ್ಲಿ ಆರು ಸಲ 60. ಇಂಥ ಆಕೃತಿಗಳ ಸುತ್ತ ಒಂದು ಸುತ್ತು ಹೋಗಿ ಮೊದಲಿನಂತೆಯೇ ನಿಂತರೆ ಒಟ್ಟು ತಿರುಗಿದ್ದು 360 ಡಿಗ್ರಿ ಎಂಬ ಪ್ರಮೇಯವನ್ನು ಅವನು ಯಾರಿಂದಲೂ ಕಲಿಯಲಿಲ್ಲ, ಕಂಡುಕೊಂಡ.

ಓದುಗರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕೆಂದು ನನ್ನ ವಿನಂತಿ. ಮೊದಲನೆಯದು, ಹುಡುಗನ ತಪ್ಪು ಇಲ್ಲಿ ಕೆಂಪು ಶಾಯಿಯ ಗುರುತಾಗಲಿಲ್ಲ. ಅದು ಮುಂದಿನ ಹೆಜ್ಜೆಯಾಯಿತು. ಪ್ರೋಗ್ರಾಂ ಬರೆಯುವವರಿಗೆ ಮೊದಲ ಸಲಕ್ಕೇ ಎಲ್ಲ ಸರಿಬರುವುದೆಂಬ ಭ್ರಮೆ ಇರುವುದಿಲ್ಲ, ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ಅವರ ದಿನನಿತ್ಯದ ಕೆಲಸ. ಆ ಮನೋಭಾವ ಗಣಿತದ ತರಗತಿಗೂ ಬರಬೇಕೆಂಬುದು ಪ್ಯಾಪರ್ಟ್ ಅವರ ಆಸೆಯಾಗಿತ್ತು. ಎರಡನೆಯದು ಇನ್ನೂ ಮುಖ್ಯ. ನಡೆದು ನೋಡು ಎಂದವರು ಯಾರು? ಆಮೆಯಲ್ಲ. ಆ ಗಳಿಗೆಯಲ್ಲಿ ಆ ಮಾತನ್ನು ಹೇಳಬೇಕೆಂದು ತಿಳಿದಿದ್ದ ಶಿಕ್ಷಕರು.

ಈ ಎರಡನೆಯ ಸಂಗತಿಯನ್ನು ಜಗತ್ತು ಮರೆತದ್ದರಿಂದಲೇ ಲೋಗೋ ಸೊರಗಿತು. 1980ರ ದಶಕದಲ್ಲಿ ಅಗ್ಗದ ಕಂಪ್ಯೂಟರುಗಳು ಬಂದಾಗ ಅಮೆರಿಕ, ಬ್ರಿಟನ್‌ಗಳ ಶಾಲೆಗಳಲ್ಲಿ ಆಮೆ ಭರದಿಂದ ಹಬ್ಬಿತು. ಲೋಗೋ ಕಲಿತ ಮಕ್ಕಳ ಬುದ್ಧಿಯೇ ಹರಿತವಾಗುತ್ತದೆ ಎಂಬ ಪ್ರಚಾರವೂ ನಡೆಯಿತು. 1984ರಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ಸಂಶೋಧಕರಾದ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ ಇದನ್ನು ಪರೀಕ್ಷಿಸಿದರು. ಲೋಗೋ ಕಲಿತ ಮಕ್ಕಳು ಬೇರೆ ಕೆಲಸಗಳನ್ನು ಯೋಜಿಸುವುದರಲ್ಲಿ ಉಳಿದವರಿಗಿಂತ ಮುಂದೇನೂ ಇರಲಿಲ್ಲ! ದೊಡ್ಡ ಚರ್ಚೆಯಾಯಿತು. ಪ್ಯಾಪರ್ಟ್ 1987ರಲ್ಲಿ ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ಮರದಿಂದ ಒಳ್ಳೆಯ ಮನೆ ಆಗುತ್ತದೆಯೇ ಎಂದು ಪರೀಕ್ಷೆ ಮಾಡುತ್ತೀರಾ? ಮನೆ ಒಳ್ಳೆಯದಾಗುವುದು ಕಟ್ಟುವವನಿಂದ, ನಕ್ಷೆಯಿಂದ, ಅಲ್ಲಿ ಬಾಳುವವರಿಂದ. ಮಾತು ಚೆನ್ನಾಗಿದೆ. ಆದರೆ ಸಂಶೋಧಕರ ಪ್ರಶ್ನೆಯೂ ಅನ್ಯಾಯದ್ದಲ್ಲ ಎಂದು ನನಗನಿಸುತ್ತದೆ. ಮರ ಮಾರುವವರು ಮನೆಯ ಚಿತ್ರ ತೋರಿಸಿಯೇ ಮಾರಿದ್ದರಲ್ಲ.

1993ರ ತಮ್ಮ ಇನ್ನೊಂದು ಪುಸ್ತಕದಲ್ಲಿ ಪ್ಯಾಪರ್ಟ್ ಶಾಲೆಗಳು ಮಾಡಿದ್ದನ್ನು ನೋವಿನಿಂದ ಬರೆದಿದ್ದಾರೆ. ಮೊದಮೊದಲು ಹುಮ್ಮಸ್ಸಿನ ಶಿಕ್ಷಕರ ತರಗತಿಯ ಮೂಲೆಯಲ್ಲಿ ಕಂಪ್ಯೂಟರ್ ಇರುತ್ತಿತ್ತು. ಗಣಿತಕ್ಕೂ ಭಾಷೆಗೂ ಚಿತ್ರಕ್ಕೂ ಅದು ಒದಗುತ್ತಿತ್ತು. ಆಮೇಲೆ ಆಡಳಿತದವರು ಎಲ್ಲವನ್ನೂ ಒಟ್ಟುಮಾಡಿ ಒಂದು ಕೊಠಡಿಗೆ ಹಾಕಿದರು, ಪ್ರತ್ಯೇಕ ಕಂಪ್ಯೂಟರ್ ಶಿಕ್ಷಕರನ್ನು ನೇಮಿಸಿದರು, ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ ಕೊಟ್ಟರು. ಎಲ್ಲ ವಿಷಯಗಳನ್ನೂ ಬದಲಿಸಬೇಕಾಗಿದ್ದ ಸಾಧನ ತಾನೇ ಇನ್ನೊಂದು ವಿಷಯವಾಗಿ ಕುಳಿತುಬಿಟ್ಟಿತು. ನಮ್ಮ ವಾರ್ಷಿಕ ವರದಿಗಳ ಆ ಫೋಟೋ ಇದೇ ಕೊಠಡಿಯದು.

ಗುಲ್ಬರ್ಗದ ಹಳ್ಳಿಗೆ ಬಂದ ಆಕಾಶದ ಪಾಠ

ಆಮೆ ಅಮೆರಿಕದ ಪರದೆಗಳ ಮೇಲೆ ಗೆರೆ ಎಳೆಯುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ದೇಶ ಬೇರೊಂದು ಸಾಹಸಕ್ಕೆ ಕೈಹಾಕಿತ್ತು. ವಿಕ್ರಮ್ ಸಾರಾಭಾಯಿ 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದ ಫಲವಾಗಿ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಪಾಠಗಳು ಪ್ರಸಾರವಾದವು. ‘ಸೈಟ್’ ಎಂದೇ ಪ್ರಸಿದ್ಧವಾದ ಈ ಪ್ರಯೋಗದಲ್ಲಿ ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಸಾರಾಭಾಯಿ ಅವರು ಅದನ್ನು ನೋಡಲು ಉಳಿದಿರಲಿಲ್ಲ, 1971ರಲ್ಲೇ ತೀರಿಕೊಂಡಿದ್ದರು.

ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ ಶಾಲೆಯಂಥ ಸಾರ್ವಜನಿಕ ಜಾಗಗಳಲ್ಲಿ ತಲೆ ಎತ್ತಿತು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆ. ಬೆಳಗಿನ ಒಂದೂವರೆ ಗಂಟೆಯನ್ನು ಹಿಂದಿ, ಕನ್ನಡ, ತೆಲುಗು, ಒರಿಯಾ ಭಾಷೆಗಳು ಹಂಚಿಕೊಳ್ಳಬೇಕಾದ್ದರಿಂದ ಕನ್ನಡದ ಮಗುವಿಗೆ ಸಿಕ್ಕಿದ್ದು ಇಪ್ಪತ್ತೆರಡೂವರೆ ನಿಮಿಷ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ ಎಂಬುದನ್ನು ನೆನಪಿಡಿ. ರಾಜಧಾನಿಯ ಮಕ್ಕಳು ಟಿವಿ ಕಾಣುವ ಆರು ವರ್ಷ ಮೊದಲೇ ಹೈದರಾಬಾದ್ ಕರ್ನಾಟಕದ ಬಡ ಹಳ್ಳಿಯ ಮಕ್ಕಳು ನೆಲದ ಮೇಲೆ ಕುಳಿತು ವಿಜ್ಞಾನದ ಪಾಠ ನೋಡಿದ್ದರು. ಹಿಂದುಳಿದ ಪ್ರದೇಶಕ್ಕೇ ಮೊದಲು ಎಂಬ ಆ ನಿರ್ಧಾರವನ್ನು ಇವತ್ತಿಗೂ ಮೆಚ್ಚಬೇಕು.

ಆ ಮಕ್ಕಳಿಗೆ ಭಾಷೆಯ ಮೇಲಿನ ಹಿಡಿತ, ಹೊಸದನ್ನು ತಿಳಿಯುವ ಆಸೆ ಬೆಳೆದದ್ದು ಮೌಲ್ಯಮಾಪನದಲ್ಲಿ ಕಂಡಿತು. ಶಾಲೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಹಮದಾಬಾದಿನಿಂದ ಏರಿ ಉಪಗ್ರಹದಿಂದ ಇಳಿದ ಪಾಠಕ್ಕೆ ಹಳ್ಳಿಯ ಮಗು ಪ್ರಶ್ನೆ ಕೇಳುವಂತಿರಲಿಲ್ಲ. ತನ್ನ ತರಗತಿ ಆ ದಿನ ಎಲ್ಲಿಯವರೆಗೆ ಓದಿದೆ ಎಂದು ಪಾಠಕ್ಕೆ ಗೊತ್ತಿರಲಿಲ್ಲ. ಪ್ರಯೋಗ ನಡೆಸಿದ ವಿಜ್ಞಾನಿಗಳು ಇದನ್ನು ಅರಿಯದವರಲ್ಲ. ಆದ್ದರಿಂದಲೇ ಆ ವರ್ಷದ ನಡುವೆ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಅದೇ ಟಿವಿಯ ಮೂಲಕ ಕೊಟ್ಟರು. ನನ್ನ ದೃಷ್ಟಿಯಲ್ಲಿ ‘ಸೈಟ್’ನ ಅತ್ಯಂತ ದೂರದೃಷ್ಟಿಯ ಭಾಗ ಅದೇ. ವರ್ಷ ಮುಗಿದೊಡನೆ ನಾಸಾ ತನ್ನ ಉಪಗ್ರಹವನ್ನು ವಾಪಸು ಕರೆದುಕೊಂಡಿತು. 1977ರಲ್ಲಿ ಗುಲ್ಬರ್ಗದಲ್ಲಿ ಟಿವಿ ಕೇಂದ್ರವೊಂದು ಆರಂಭವಾಯಿತಾದರೂ ಆ ಹಿಂದಿನ ಹುರುಪು ಮರಳಲಿಲ್ಲ.

2004ರ ಸೆಪ್ಟೆಂಬರಿನಲ್ಲಿ ಶ್ರೀಹರಿಕೋಟಾದಿಂದ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಹಾರಿದಾಗ ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳಿಗೆ ಆಂಟೆನಾ ಬಂತು. ಈ ಸಲ ಉಪಗ್ರಹ ನಮ್ಮದೇ. ಆದರೆ ಪ್ರಾಥಮಿಕ ಶಾಲೆಯ ಮಗುವಿಗೆ ಅದು ಮತ್ತೆ ಒಂದೇ ದಿಕ್ಕಿನ ಪಾಠ. 2010ರಲ್ಲಿ ಉಪಗ್ರಹದ ಆಯುಸ್ಸು ಮುಗಿಯಿತು.

ಪಕ್ಕಪಕ್ಕದ ಎರಡು ರಾಜ್ಯಗಳು

ನಮಗೆ ಅತಿ ಹತ್ತಿರದ, ಅತಿ ಉಪಯುಕ್ತವಾದ ಪಾಠ 2001ರ ನಂತರದ್ದು. ಆ ವರ್ಷ ಕರ್ನಾಟಕ ಸರಕಾರ ‘ಮಾಹಿತಿ ಸಿಂಧು’ ಎಂಬ ಯೋಜನೆಯನ್ನು ಆರಂಭಿಸಿತು. ಸುಮಾರು 1000 ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್. ಉದ್ದೇಶ ಒಳ್ಳೆಯದೇ. ಕೊಠಡಿ ಸಜ್ಜುಗೊಳಿಸುವುದು, ಯಂತ್ರಗಳ ನಿರ್ವಹಣೆ, ಕಲಿಸುವವರ ನೇಮಕ ಎಲ್ಲವನ್ನೂ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಯಿತು. ಗುತ್ತಿಗೆಯ ಅವಧಿ ಮುಗಿದಾಗ ಯಂತ್ರಗಳು ಶಾಲೆಯ ಪಾಲಿಗೆ. ಕಾಗದದ ಮೇಲೆ ಇದಕ್ಕಿಂತ ಸರಳವಾದದ್ದು ಯಾವುದಿದೆ? ಆದರೆ ಶಾಲೆಯ ಗಣಿತದ ಮೇಷ್ಟರಿಗೆ, ವಿಜ್ಞಾನದ ಟೀಚರಿಗೆ ಆ ಕೊಠಡಿಯಲ್ಲಿ ಯಾವ ಪಾತ್ರವೂ ಇರಲಿಲ್ಲ. ಕಡಿಮೆ ಸಂಬಳದ ಯುವಕನೊಬ್ಬ ಬಂದು ಕಂಪ್ಯೂಟರಿನ ಭಾಗಗಳ ಹೆಸರು ಹೇಳಿಕೊಡುತ್ತಿದ್ದ. ಗುತ್ತಿಗೆ ಮುಗಿಯಿತು, ಅವನೂ ಹೋದ. ಉಳಿದದ್ದು ಹಳೆಯ ಯಂತ್ರಗಳು.

ಅದೇ 2001ರಲ್ಲಿ ಕೇರಳ ‘ಐಟಿ ಅಟ್ ಸ್ಕೂಲ್’ ಯೋಜನೆಯನ್ನು ಆರಂಭಿಸಿತು. ಇದರ ಹಿಂದೆ ಕೆಲಸ ಮಾಡಿದ ಕಾರ್ಯಪಡೆಯ ಅಧ್ಯಕ್ಷರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ನಮ್ಮ ಪ್ರೊ. ಯು.ಆರ್. ರಾವ್ ಎಂಬುದು ಅನೇಕರಿಗೆ ತಿಳಿದಿಲ್ಲ. ಆರ್ಯಭಟ ಉಪಗ್ರಹದ ರಾವ್ ಅವರೇ. ಕೇರಳ ಹೊರಗಿನವರನ್ನು ಕರೆಯಲಿಲ್ಲ. ಶಾಲಾ ಶಿಕ್ಷಕರಲ್ಲೇ ಆಸಕ್ತರನ್ನು ಆರಿಸಿ ತರಬೇತುದಾರರನ್ನಾಗಿ ಮಾಡಿತು. ಅವರು ಉಳಿದ ಶಿಕ್ಷಕರಿಗೆ ಕಲಿಸಿದರು. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರು ಸಂಯೋಜಕರಾದರು, ಅವರ ಕೈಕೆಳಗೆ ವಿದ್ಯಾರ್ಥಿಗಳೂ ಯಂತ್ರಗಳ ಉಸ್ತುವಾರಿ ನೋಡಿಕೊಂಡರು. ಮೊದಲಿಗೆ ಅಲ್ಲೂ ಒಂದೇ ದೊಡ್ಡ ಕಂಪನಿಯ ತಂತ್ರಾಂಶವನ್ನು ಆಧರಿಸಿ ಪಠ್ಯ ಬಂದಿತ್ತು. ಶಿಕ್ಷಕರ ಸಂಘಟನೆ ಪ್ರತಿಭಟಿಸಿತು. ಕ್ರಮೇಣ ಇಡೀ ಯೋಜನೆ ಮುಕ್ತ ತಂತ್ರಾಂಶಕ್ಕೆ ಬದಲಾಯಿತು. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಾದ, ತಮ್ಮ ಭಾಷೆಗೆ, ತಮ್ಮ ಪಾಠಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದಾದ ತಂತ್ರಾಂಶ ಅದು.

ಗಡಿಯಾಚೆಯ ಕಾಸರಗೋಡಿನಲ್ಲಿ ನಮ್ಮ ಬಂಧುಗಳ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಅವರಿಗೆ ಕೇರಳ ಸರಕಾರದ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಕ್ಕಿತು. ಕನ್ನಡದ ಮಗು ಕನ್ನಡದಲ್ಲಿ ಕಂಪ್ಯೂಟರ್ ಪಾಠ ಓದಲು ಕರ್ನಾಟಕದ ಹೊರಗಿರಬೇಕಾಯಿತೇ ಎಂದು ಯಾರಾದರೂ ಕುಟುಕಿದರೆ ನಾವು ಬೇಸರ ಪಡಬಾರದು.

ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಮುಂದೆ ಈ ಎರಡೂ ಯೋಜನೆಗಳನ್ನು ಅಧ್ಯಯನ ಮಾಡಿ ಹೋಲಿಸಿತು. ಶಿಕ್ಷಕರು ಒಳಗಿದ್ದ ಕಡೆ ಕಂಪ್ಯೂಟರ್ ಪಾಠದ ಭಾಗವಾಗಿತ್ತು, ಶಿಕ್ಷಕರನ್ನು ಹೊರಗಿಟ್ಟ ಕಡೆ ಅದು ಶಾಲೆಯೊಳಗಿನ ಬೇರೊಂದು ಅಂಗಡಿಯಂತಿತ್ತು. 2010ರ ನಂತರ ಕರ್ನಾಟಕವೂ ದಾರಿ ಬದಲಿಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರ ವೇದಿಕೆಗಳು ಹುಟ್ಟಿಕೊಂಡವು. ಶಿಕ್ಷಕರೇ ಬರೆದು, ತಿದ್ದಿ, ಹಂಚಿಕೊಳ್ಳುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೆಳೆಯಿತು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿದ ‘ಜಿಯೋಜೀಬ್ರಾ’ ಎಂಬ ಉಚಿತ ಗಣಿತ ತಂತ್ರಾಂಶ ನಮ್ಮ ಸರಕಾರಿ ಶಾಲೆಯ ಮೇಷ್ಟರುಗಳ ಕೈಗೆ ಬಂತು. ತ್ರಿಕೋನದ ಮೂಲೆಯೊಂದನ್ನು ಹಿಡಿದೆಳೆದರೆ ಮೂರೂ ಕೋನ ಬದಲಾಗುತ್ತವೆ, ಮೊತ್ತ ಮಾತ್ರ 180ರಲ್ಲೇ ನಿಲ್ಲುತ್ತದೆ. ಬೋರ್ಡಿನ ಮೇಲೆ ಬರೆದ ತ್ರಿಕೋನ ಅಲುಗಾಡುವುದಿಲ್ಲವಲ್ಲ.

ಇಲ್ಲಿ ಇನ್ನೊಂದು ಪ್ರಾಮಾಣಿಕತೆಯನ್ನು ನೆನೆಯಬೇಕು. 2001ರಲ್ಲಿ ಆರಂಭವಾದ ಅಜೀಂ ಪ್ರೇಮ್‌ಜಿ ಫೌಂಡೇಶನ್ ತನ್ನ ಮೊದಲ ವರ್ಷಗಳಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ತಯಾರಿಸಿ ಸಾವಿರಾರು ಶಾಲೆಗಳಿಗೆ ಮುಟ್ಟಿಸಿತು. ಬಣ್ಣ, ಆಟ, ಹಾಡು ಎಲ್ಲ ಇದ್ದ ಒಳ್ಳೆಯ ಸಿ.ಡಿ.ಗಳು. ಕೆಲವು ವರ್ಷಗಳ ನಂತರ ಅವರೇ ಅದರ ಫಲವನ್ನು ಪರಿಶೀಲಿಸಿ, ಕಲಿಕೆಯ ಮೂಲ ಸಮಸ್ಯೆಗಳಿಗೆ ತಂತ್ರಜ್ಞಾನ ಪರಿಹಾರವಲ್ಲ ಎಂದು ಕಂಡುಕೊಂಡರು. ಸಂಸ್ಥೆಯ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೆಹರ್ 2010ರಲ್ಲಿ ಇದನ್ನು ಪತ್ರಿಕೆಯಲ್ಲೇ ಬರೆದರು. ಆ ಬಳಿಕ ಅವರ ಗಮನ ಶಿಕ್ಷಕರನ್ನು ಬೆಳೆಸುವ ಕಡೆಗೆ ಹೊರಳಿತು. ಕಂಪ್ಯೂಟರ್ ಉದ್ಯಮದಿಂದಲೇ ಹಣ ಗಳಿಸಿದವರ ಸಂಸ್ಥೆ ಕಂಪ್ಯೂಟರಿನ ಮಿತಿಯನ್ನು ಬಹಿರಂಗವಾಗಿ ಒಪ್ಪಿದ್ದು ಸಣ್ಣ ಮಾತಲ್ಲ. ಎಷ್ಟು ಸಂಸ್ಥೆಗಳ ವರದಿಯಲ್ಲಿ ಇಂಥ ಸಾಲು ಸಿಗುತ್ತದೆ?

2020ರಲ್ಲಿ ಕೊರೊನಾ ಬಂದು ಶಾಲೆಗಳ ಬಾಗಿಲು ಮುಚ್ಚಿದಾಗ ಈ ಎಲ್ಲ ಪ್ರಶ್ನೆಗಳೂ ಒಮ್ಮೆಲೇ ಎದ್ದು ನಿಂತವು. ಜುಲೈಯಲ್ಲಿ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಅದು ‘ಸೈಟ್’ನ ಮೊಮ್ಮಗು. ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಅದರ ರಚನೆಯನ್ನು ಗಮನಿಸಿ. ಮೊದಲು ಮಕ್ಕಳನ್ನು ವಿಂಗಡಿಸಿದರು: ಯಾವ ಫೋನೂ ಇಲ್ಲದ ಮನೆಯವರು, ಸಾದಾ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು. ಮಗುವಿನ ಮನೆಯಲ್ಲಿ ಏನಿದೆ ಎಂಬುದರಿಂದ ಯೋಜನೆ ಆರಂಭವಾಯಿತು. ಶಿಕ್ಷಕರು ಊರೂರಿಗೆ ಹೋಗಿ ಮರದ ಕೆಳಗೆ, ಸಮುದಾಯ ಭವನಗಳಲ್ಲಿ, ಪ್ರಾರ್ಥನಾ ಸ್ಥಳಗಳ ಅಂಗಳದಲ್ಲಿ ಪಾಠ ಮಾಡಿದರು. ಫೋನ್ ಇದ್ದವರಿಗೆ ಚಟುವಟಿಕೆಗಳು ಫೋನಿನಲ್ಲೂ ಹೋದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, 2021ರ ಜನವರಿಯಲ್ಲಿ ಮತ್ತೆ ಆರಂಭಿಸಿದರು. ಕೊರತೆಗಳು ಹಲವು ಇದ್ದವು. ಆದರೂ ಅದೇ ಕಾಲದಲ್ಲಿ ದುಬಾರಿ ಶುಲ್ಕದ ಶಾಲೆಗಳು ಎಂಟು ಪೀರಿಯಡ್ಡಿನ ವೇಳಾಪಟ್ಟಿಯನ್ನು ಹಾಗೆಯೇ ಎತ್ತಿ ಮೊಬೈಲ್ ಪರದೆಗೆ ಹಾಕಿದ್ದನ್ನು ನೆನೆದರೆ, ಹೆಚ್ಚು ಯೋಚನೆ ಯಾವುದರ ಹಿಂದೆ ಇತ್ತೆಂದು ಹೇಳಬೇಕಾಗಿಲ್ಲ.

2022ರ ಕೊನೆಯಿಂದ ಈಚೆಗೆ ಇನ್ನೊಂದು ಸಾಧನ ಮಕ್ಕಳ ಕೈಗೆ ಬಂದಿದೆ. ಕೇಳಿದ ಪ್ರಬಂಧವನ್ನು ಕೇಳಿದ ಭಾಷೆಯಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆ. ಅದನ್ನು ಬಹಿಷ್ಕರಿಸಬೇಕೇ, ಸ್ವಾಗತಿಸಬೇಕೇ ಎಂದು ಸಭೆಗಳಲ್ಲಿ ವಾದ ನಡೆಯುತ್ತಿದೆ. ಆ ಹದಿಮೂರು ವರ್ಷದ ಹುಡುಗಿಯ ಪದ್ಯ ನೆನಪಿದೆಯಲ್ಲ? ಅಂದೂ ಪದ್ಯ ಬರೆದದ್ದು ಯಂತ್ರವೇ. ಬರೆಯಲು ಅದಕ್ಕೆ ಹೇಳಿಕೊಟ್ಟವಳು ಮಾತ್ರ ಅವಳು. ಇಂದಿನ ಯಂತ್ರ ಬರೆದದ್ದನ್ನು ವಿದ್ಯಾರ್ಥಿ ತಿದ್ದಬೇಕೋ, ಅದರ ತಪ್ಪು ಹಿಡಿಯಬೇಕೋ, ಸುಮ್ಮನೆ ನಕಲಿಳಿಸಿ ಒಪ್ಪಿಸಬೇಕೋ ಎಂಬುದನ್ನು ಗೊತ್ತುಮಾಡುವವರು ಆ ಕೆಲಸವನ್ನು ಕೊಡುವ ಶಿಕ್ಷಕರು.

ಸಂಘದ ಸದಸ್ಯರಲ್ಲಿ ಒಂದು ಮಾತು. ಮುಂದಿನ ಸಲ ದಾನಿಗಳು ಬಂದು ಶಾಲೆಗೆ ಏನು ಬೇಕು ಎಂದು ಕೇಳಿದಾಗ, ಯಂತ್ರಗಳ ಪಟ್ಟಿಯ ಜೊತೆಗೆ ಇಬ್ಬರು ಶಿಕ್ಷಕರ ಒಂದು ತಿಂಗಳ ತರಬೇತಿಯ ಖರ್ಚನ್ನೂ ಕೇಳಿ. ಕಂಪ್ಯೂಟರ್ ಶಿಕ್ಷಕರ ತರಬೇತ��ಯಲ್ಲ, ಗಣಿತದವರದು, ಕನ್ನಡದವರದು. ಅವರು ಹಿಂತಿರುಗಿ ಬಂದ ಮೇಲೆ ಕೊಠಡಿಯ ಬೀಗದ ಕೈ ಅವರ ಬಳಿಯೂ ಇರಲಿ. ಫೋಟೋದಲ್ಲಿ ಇದು ಕಾಣುವುದಿಲ್ಲ ಎಂಬುದು ನಿಜ. ದಾನಿಗಳಿಗೆ ವಿವರಿಸಿದರೆ ಅವರೂ ಒಪ್ಪುತ್ತಾರೆ, ಅವರಲ್ಲಿ ಬಹಳಷ್ಟು ಮಂದಿ ವ್ಯಾಪಾರಿಗಳು, ಸರಕು ತಂದಿಟ್ಟರೆ ಸಾಲದು, ಅಂಗಡಿಯಲ್ಲಿ ಕುಳಿತುಕೊಳ್ಳುವವರು ಬೇಕೆಂದು ಚೆನ್ನಾಗಿ ಬಲ್ಲವರು.

ಇನ್ನು ವಿದ್ಯಾರ್ಥಿಗಳಿಗೆ. ನಿಮ್ಮ ಶಾಲೆಯ ಕೊಠಡಿಗೆ ಈಗ ಬೀಗ ಹಾಕಿದ್ದರೂ ಚಿಂತೆಯಿಲ್ಲ. ಒಂದು ತುಂಡು ಸುಣ್ಣದ ಕಡ್ಡಿ ತೆಗೆದುಕೊಂಡು ಅಂಗಳಕ್ಕೆ ಬನ್ನಿ. ಒಬ್ಬರು ಆಮೆಯಾಗಿ, ಇನ್ನೊಬ್ಬರು ಆಜ್ಞೆ ಕೊಡಿ. ಕಡ್ಡಿಯನ್ನು ನೆಲದಿಂದ ಎತ್ತದೆ ಐದು ಮೂಲೆಯ ನಕ್ಷತ್ರ ಬರೆಯಬೇಕು. ಪ್ರತಿ ಮೂಲೆಯಲ್ಲಿ ಎಷ್ಟು ಡಿಗ್ರಿ ತಿರುಗಬೇಕು? 72 ಎಂದವರಿಗೆ ನಕ್ಷತ್ರ ಬರುವುದಿಲ್ಲ, ಪಂಚಕೋನ ಬರುತ್ತದೆ. ಒಂದು ಸುಳಿವು ಕೊಡುತ್ತೇನೆ. ನಕ್ಷತ್ರ ಮುಗಿಯುವ ಹೊತ್ತಿಗೆ ಆಮೆ ತನ್ನ ಸುತ್ತ ಒಂದಲ್ಲ, ಎರಡು ಸುತ್ತು ತಿರುಗಿರುತ್ತದೆ.